ಔಟ್‌ಪುಟ್‌ನಲ್ಲಿ ಹನ್ನೆರಡು ವೋಲ್ಟ್

"ಇವತ್ತು ಟೆಸ್ಟ್ ಮಾಡ್ಬಿಡಿ. ಸರಿ ಬಂದ್ರೆ ಇರ್ಲಿ. ಒಂದು ಎಡವಟ್ಟಾದ್ರೂ ನಾಳೆ ಬೆಂಚ್ ಎತ್ತಿಸ್ತೀನಿ. ಆಮೇಲೆ ನನ್ಹತ್ರ ಜಗಳಕ್ಕೆ ಬರ್ಬೇಡ" ಎಂದು ನನ್ನ ಗಂಡ ಭಾನುವಾರ ಬೆಳಿಗ್ಗೆ ಇಡ್ಲಿ ತಟ್ಟೆಯ ಮುಂದೆಯೇ ಹೇಳಿಬಿಟ್ಟ. ಹೇಳಿದ್ದು ನನಗೆ. ಆದರೆ ಎದುರಿಗೆ ಕೂತಿದ್ದ ಅವನ ಅಪ್ಪನಿಗೂ ಕೇಳಲಿ ಎನ್ನುವಷ್ಟು ಜೋರಾಗಿತ್ತು ದನಿ. ಮಾವನವರು ಇನ್ನೊಂದು ಸೌಟು ಚಟ್ನಿ ಹಾಕಿಸಿಕೊಂಡರು.

ಬೆಂಚು ಎಂದರೆ ನಮ್ಮ ಮನೆಯ ಹಿಂದಿನ ಚಿಕ್ಕ ರೂಮಿನಲ್ಲಿರುವ ಮಾವನವರ ಕೆಲಸದ ಮೇಜು. ಅವರು ಸೇನೆಗೆ ರೇಡಿಯೋ ಸೆಟ್ ಮಾಡುವ ಸರ್ಕಾರಿ ಕಾರ್ಖಾನೆಯಲ್ಲಿ ಇನ್‌ಸ್ಪೆಕ್ಟರ್ ಆಗಿದ್ದವರು. ತಯಾರಾದ ಸೆಟ್ಟು ಅವರ ಮುಂದೆ ಬಂದು, ಅವರು ಹೂಂ ಎಂದ ಮೇಲಷ್ಟೇ ಗೇಟು ದಾಟುತ್ತಿತ್ತು. ನಿವೃತ್ತರಾಗಿ ಮಾದನಾಯಕನಹಳ್ಳಿಯ ಈ ಮನೆಗೆ ಬಂದಾಗ ಅವರು ಮೊದಲು ಇಳಿಸಿದ್ದು ಆ ಮೇಜನ್ನು. ಅತ್ತೆ ತೀರಿಕೊಂಡ ಮೇಲಂತೂ ತಿಂಡಿ ಆದ ತಕ್ಷಣ ಅಲ್ಲಿ ಹೋಗಿ ಕೂತರೆ ಊಟಕ್ಕೆ ಕರೆದಾಗಲೇ ಏಳುವುದು. ಕೈಯಲ್ಲಿ ಬೆಸುಗೆಯ ಕಡ್ಡಿ ಇದ್ದಷ್ಟು ಹೊತ್ತು ಅವರಿಗೆ ಮೊಣಕಾಲು ನೋವೂ ನೆನಪಾಗುತ್ತಿರಲಿಲ್ಲ.

ಗಂಡನ ಸಿಟ್ಟಿಗೆ ಕಾರಣ ಇರಲಿಲ್ಲ ಎಂದು ನಾನು ಹೇಳುವುದಿಲ್ಲ. ಆಷಾಢದಲ್ಲಿ ಒಂದು ಮಧ್ಯಾಹ್ನ ಮಾವನವರು ಒಂದು ಹಳೆಯ ರೇಡಿಯೋದ ಸ್ವಿಚ್ ಆರಿಸಿ, ಒಳಗೆ ಉಳಿದಿದ್ದ ಚಾರ್ಜನ್ನು ಇಳಿಸುವುದು ಮರೆತು ಕೈ ಹಾಕಿದ್ದರು. ಗಾಜಿನ ಬುರುಡೆಯಂಥ ವಾಲ್ವಿರುವ ಸೆಟ್ಟುಗಳೇ ಹಾಗೆ. ಸ್ವಿಚ್ ಆರಿಸಿದ ಮೇಲೂ ಇನ್ನೂರೈವತ್ತು ವೋಲ್ಟ್ ಒಳಗೆ ಕಾದು ಕೂತಿರುತ್ತದೆ. ಅದು ಅವರನ್ನು ಕುರ್ಚಿ ಸಮೇತ ಹಿಂದಕ್ಕೆ ಕೆಡವಿತು. ಆವತ್ತು ಮನೆಯಿಂದಲೇ ಕೆಲಸ ಮಾಡುತ್ತಿದ್ದ ನನ್ನ ಗಂಡ ಸದ್ದು ಕೇಳಿ ಓಡಿದಾಗ ಅಪ್ಪ ನೆಲದ ಮೇಲೆ ಬಿದ್ದಿದ್ದರು, ಹಣೆಯಲ್ಲಿ ರಕ್ತ. ಅವತ್ತಿನಿಂದ ಅವನ ಎದೆಯಲ್ಲಿ ಒಂದು ಭಯ ಕೂತುಬಿಟ್ಟಿತು. ಮಾದಾವರದಲ್ಲಿ ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ಬದಲಾಯಿಸಿ ಕುಂದಲಹಳ್ಳಿಯ ಆಫೀಸು ಮುಟ್ಟುವಷ್ಟರಲ್ಲಿ ಮನೆಗೆ ಫೋನು ಬಂದಿರುತ್ತಿತ್ತು. "ಅಪ್ಪ, ಏನ್ ಮಾಡ್ತಿದೀರ? ಪ್ಲಗ್ ತೆಗ್ದಿದೀರ ತಾನೇ?"

"ಮರೆವು ಶುರುವಾಗಿದೆ ಕಣೇ ಅವ್ರಿಗೆ. ಇವತ್ತು ಚಾರ್ಜ್ ಇಳ್ಸೋದು ಮರ್ತ್ರು, ನಾಳೆ ಗ್ಯಾಸ್ ಆಫ್ ಮಾಡೋದು ಮರೀತಾರೆ" ಎನ್ನುತ್ತಿದ್ದ ನನ್ನ ಹತ್ತಿರ.

ನಾನು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಕಂಟ್ರೋಲ್ ಪ್ಯಾನೆಲ್‌ಗಳ ಟೆಸ್ಟಿಂಗ್ ನೋಡಿಕೊಳ್ಳುವವಳು. ಶಾಕ್ ಹೊಡೆಸಿಕೊಂಡವರನ್ನೆಲ್ಲ ಮನೆಗೆ ಕಳಿಸುವುದಾದರೆ ಪೀಣ್ಯದಲ್ಲಿ ಸೆಕ್ಯುರಿಟಿಯವನೊಬ್ಬನೇ ಉಳಿಯುತ್ತಾನೆ ಎಂದು ನಾನೂ ಬಿಡದೆ ವಾದಿಸಿದೆ. ನನಗೆ ಕೋಪ ಮೂಗಿನ ತುದಿಯಲ್ಲಿ, ಅವನಿಗೆ ಹಠ ಜಾಸ್ತಿ. ಕೊನೆಗೆ ಒಂದು ಒಪ್ಪಂದಕ್ಕೆ ಬಂದೆವು. ಮಾವನವರು ಆಗ ಹಚ್ಚಿಕೊಂಡಿದ್ದ ವಾಲ್ವ್ ಪ್ರೀಆಂಪ್ ಮುಗಿಸಲಿ. ಅದನ್ನು ಅವನ ಕಣ್ಣೆದುರಿಗೇ ಟೆಸ್ಟ್ ಮಾಡಲಿ. ತಪ್ಪಿಲ್ಲದೆ ಕೆಲಸ ಮಾಡಿದರೆ ಬೆಂಚು ಉಳಿಯುತ್ತದೆ, ಇಲ್ಲದಿದ್ದರೆ ಇಲ್ಲ. ಮಾವನವರಿಗೆ ಇದನ್ನು ಹೇಳಿದಾಗ ಅವರು "ನ್ಯಾಯವಾಗಿದೆ" ಎಂದರು. ಅವರು ಸಲೀಸಾಗಿ ಒಪ್ಪಿದ್ದಕ್ಕೇ ನನಗೆ ಸಿಟ್ಟು ಬಂತು.

ಪ್ರೀಆಂಪ್ ಎಂದರೆ ಹಾಡಿನ ಸಣ್ಣ ಸಿಗ್ನಲ್ಲನ್ನು ಸ್ವಲ್ಪ ದೊಡ್ಡದು ಮಾಡಿ ಆಂಪ್ಲಿಫೈಯರ್‌ಗೆ ಕೊಡುವ ಪೆಟ್ಟಿಗೆ. ಹಾಲ್‌ನಲ್ಲಿ ನನ್ನ ಗಂಡನ ಪ್ರಾಣವಾದ ಆಂಪ್ಲಿಫೈಯರ್ ಮತ್ತು ಸ್ಪೀಕರುಗಳಿದ್ದವು. ಅವುಗಳ ಮುಂದೆ ಇದು ಕೂರಬೇಕು. ಇದರಲ್ಲಿ ಎಲ್ಲಕ್ಕಿಂತ ತಲೆನೋವಿನ ಭಾಗ ಕೊನೆಯಲ್ಲಿ ಬರುವ ಕೆಪಾಸಿಟರು. ವಾಲ್ವಿನಿಂದ ಹಾಡು ಹೊರಬರುವ ತುದಿಯಲ್ಲಿ ನೂರೈವತ್ತು ವೋಲ್ಟ್ ಇರುತ್ತದೆ, ಹಾಡು ಆ ವೋಲ್ಟಿನ ಮೇಲೆ ಸಣ್ಣಗೆ ಅಲುಗುತ್ತಿರುತ್ತದೆ. ಕೆಪಾಸಿಟರು ಜರಡಿ ಇದ್ದ ಹಾಗೆ: ವೋಲ್ಟನ್ನು ಈಚೆಯೇ ತಡೆದು ಹಾಡನ್ನಷ್ಟೇ ಆಚೆ ಬಿಡಬೇಕು. ಅದು ಸೋರಿದರೆ ವೋಲ್ಟು ನೇರ ಆಂಪ್ಲಿಫೈಯರ್‌ಗೆ ನುಗ್ಗುತ್ತದೆ, ಸ್ಪೀಕರು ಸತ್ತೇ ಹೋಗಬಹುದು. ಇನ್ನು ಅದು ಚಿಕ್ಕದಾದರೆ ಹಾಡಿನ ತಗ್ಗಿನ ಸದ್ದೆಲ್ಲ ಅಲ್ಲೇ ಉಳಿದುಬಿಡುತ್ತದೆ.

ಮಾವನವರ ಬಳಿ ಕಾರ್ಖಾನೆಯ ಕಾಲದ, ಎಣ್ಣೆ ತುಂಬಿ ಮುಚ್ಚಿದ ಬೂದು ತಗಡಿನ ಕೆಪಾಸಿಟರುಗಳಿದ್ದವು. ಗುಜರಿ ಹರಾಜಿನಲ್ಲಿ ಕೊಂಡದ್ದು. ಮೊದಲು ಅವರು ಆರಿಸಿದ್ದು ಬೆರಳುದ್ದದ ಚಿಕ್ಕವನ್ನು. ನಾನು ಬೇಡವೆಂದೆ. "ನಿಮ್ ಕಾಲದ ವಾಲ್ವ್ ಆಂಪ್ಲಿಫೈಯರ್‌ಗೆ ಅಷ್ಟು ಸಾಕಿತ್ತು ಮಾವ. ಇವ್ನದು ಟ್ರಾನ್ಸಿಸ್ಟರ್‌ದು, ಎಳೆಯೋದು ಜಾಸ್ತಿ. ಇಷ್ಟು ಚಿಕ್ಕದು ಹಾಕಿದ್ರೆ ಮೃದಂಗದ ಎಡಗೈ ಮಾಯ. ಬರೀ ಟಕಟಕ ಕೇಳ್ತೀವಿ." ಅವರು ಪೇಪರಿನ ಅಂಚಿನಲ್ಲಿ ಲೆಕ್ಕ ಹಾಕಿ, ಕನ್ನಡಕದ ಮೇಲಿಂದ ನನ್ನನ್ನು ನೋಡಿ, "ಸೊಸೆ ಹೇಳೋದೇ ಸರಿ. ಬರ್ಕೋಬೇಡ ಮತ್ತೆ ಎಲ್ಲಾದ್ರೂ" ಎಂದು ನಕ್ಕರು. ಡಬ್ಬಿಯ ತಳದಿಂದ ಬೆಂಕಿಪೊಟ್ಟಣದಷ್ಟು ದೊಡ್ಡ ಎರಡು ಕೆಪಾಸಿಟರು ಹೊರಬಂದವು, ಎಡ ಬಲದ ಸ್ಪೀಕರಿಗೆ ಒಂದೊಂದು. ಗಾತ್ರ ಸರಿಹೋಯಿತು. ಆದರೆ ವಯಸ್ಸು? ಹಳೆಯ ಎಣ್ಣೆಯ ಕೆಪಾಸಿಟರುಗಳು ಕೂತಲ್ಲೇ ಸೋರುವುದು ಹೊಸತಲ್ಲ. ನಾನು ಅವನ್ನು ಊಟದ ಬ್ಯಾಗಿನಲ್ಲಿ ಹಾಕಿಕೊಂಡು ಹೋಗಿ ನಮ್ಮ ಕಾರ್ಖಾನೆಯಲ್ಲಿ ಸೋರಿಕೆ ಹಿಡಿಯುವ ಇನ್ಸುಲೇಷನ್ ಟೆಸ್ಟರಿಗೆ ಕಟ್ಟಿದೆ. ಮುಳ್ಳು ಅಲುಗಲಿಲ್ಲ. ಎರಡೂ ಗಟ್ಟಿಯಾಗಿದ್ದವು.

ಆದರೂ ನನಗೆ ಸಮಾಧಾನವಿಲ್ಲ. ಬೆಂಚು ಉಳಿಯುವುದು ಬಿಡುವುದು ಈ ಎರಡು ತಗಡಿನ ಡಬ್ಬಿಗಳ ಮೇಲೆ ನಿಂತಿತ್ತಲ್ಲ. ಎಸ್.ಪಿ. ರಸ್ತೆಗೆ ಹೋಗಿ ಹೊಸ ಫಿಲ್ಮ್ ಕೆಪಾಸಿಟರು ಕೇಳಿದೆ. ಅಂಗಡಿಯವನು "ಆಡಿಯೋಗಾ ಮೇಡಂ? ಇಂಪೋರ್ಟೆಡ್ ಇದೆ, ಸೌಂಡ್ ಸಕ್ಕತ್ ಸಾಫ್ಟ್ ಆಗತ್ತೆ" ಎಂದು ಚಿನ್ನದ ಬಣ್ಣದ್ದೊಂದನ್ನು ಮುಂದಿಟ್ಟ. ನನಗೆ ಸೌಂಡು ಸಾಫ್ಟ್ ಆಗಬೇಕಿರಲಿಲ್ಲ, ವೋಲ್ಟು ನಿಂತರೆ ಸಾಕಿತ್ತು. ಸಾದಾ ಹಳದಿಯವನ್ನು ತಂದೆ. ಮಾವನವರು ಅವನ್ನು ತಿರುಗಿಸಿ ನೋಡಿ, "ಸ್ಪೇರ್ ಇರ್ಲಿ" ಎಂದು ಡ್ರಾಯರಿಗೆ ಹಾಕಿದರು.

ಅದರ ನಡುವೆ ಆಯುಧಪೂಜೆ ಬಂತು. ನನ್ನ ಗಂಡ ಕಾರು, ಸ್ಕೂಟರು, ಮಿಕ್ಸಿ, ಲ್ಯಾಪ್‌ಟಾಪು ಎಲ್ಲದಕ್ಕೂ ಪೂಜೆ ಮಾಡಿ, ಆರತಿ ತಟ್ಟೆ ಹಿಡಿದು ಹಿಂದಿನ ರೂಮಿಗೂ ಹೋದ. ಆಷಾಢದಿಂದ ಆ ರೂಮಿನ ಹೊಸ್ತಿಲು ದಾಟದವನು ಅಪ್ಪನ ಬೆಂಚಿಗೆ, ಮೀಟರಿಗೆ, ಒಳಭಾಗ ಮೇಲಾಗಿ ತಿರುವಿ ಹಾಕಿದ್ದ ಅರೆಬರೆ ಪ್ರೀಆಂಪಿಗೆ ಗಂಧ ಕುಂಕುಮ ಹಚ್ಚಿ ಹೂ ಇಟ್ಟ. ಮಾವನವರು ಪಕ್ಕದಲ್ಲಿ ಕೈಮುಗಿದು ನಿಂತಿದ್ದರು. ನಾನು ಬಾಗಿಲಿನಿಂದ ನೋಡುತ್ತಿದ್ದೆ. ಇವನ ಮನಸ್ಸು ಕರಗಿತು, ಇನ್ನು ಟೆಸ್ಟು ಗಿಸ್ಟು ಎಲ್ಲ ನೆಪಕ್ಕಷ್ಟೇ ಅಂದುಕೊಂಡೆ. ನನ್ನ ಎಣಿಕೆ ತಪ್ಪಾಗಿತ್ತು. ಶನಿವಾರ ನಾನು ಕೆಲಸಕ್ಕೆ ಹೋಗಿದ್ದಾಗ ಮಾವನವರು ಎರಡೂ ಬೂದು ಕೆಪಾಸಿಟರನ್ನು ಬೆಸೆದು ಮುಗಿಸಿದರು. ಭಾನುವಾರ ಇಡ್ಲಿಯ ಮುಂದೆ ಗಂಡನ ಮಾತು ಮೊದಲಿನಷ್ಟೇ ಗಡುಸಾಗಿತ್ತು.

ತಿಂಡಿಯಾದ ಮೇಲೆ ಮೂವರೂ ಆ ರೂಮಿಗೆ ಹೋದೆವು. ಹೊರಗೆ ಜಿಟಿಜಿಟಿ ಮಳೆ, ತುಮಕೂರು ರಸ್ತೆಯ ಲಾರಿಗಳ ಸದ್ದು. ಗಂಡ ಕೈಕಟ್ಟಿ ಬಾಗಿಲಿಗೆ ಒರಗಿ ನಿಂತ. ಆಂಪ್ಲಿಫೈಯರ್‌ಗೆ ಕೊಡುವ ಮೊದಲು ಔಟ್‌ಪುಟ್ಟಿನಲ್ಲಿ ಮೀಟರ್ ಇಟ್ಟು ನೋಡಬೇಕು, ಸೊನ್ನೆ ಬಂದರಷ್ಟೇ ಮುಂದಕ್ಕೆ ಎಂದು ಮೊದಲೇ ಮಾತಾಗಿತ್ತು. ಮಾವನವರು ಸ್ವಿಚ್ ಒತ್ತಿದರು. ವಾಲ್ವಿನ ಒಳಗೆ ಕೆಂಪು ಎಳೆ ನಿಧಾನಕ್ಕೆ ಹತ್ತಿಕೊಂಡಿತು.

ಎಡಗಡೆಯ ಔಟ್‌ಪುಟ್ಟಿನಲ್ಲಿ ಅಂಕಿ ಸರ್ರನೆ ಮೇಲೇರಿತು. ಅದು ಸಹಜ. ಕೆಪಾಸಿಟರು ತುಂಬಿಕೊಳ್ಳುವಾಗ ಹಾಗೆಯೇ ಏರಿ ಇಳಿಯುತ್ತದೆ. ಇಳಿಯಿತು, ಸೊನ್ನೆಗೆ ಬಂದು ನಿಂತಿತು. ನಾನು ಉಸಿರು ಬಿಟ್ಟೆ. ಮೀಟರಿನ ಕಡ್ಡಿಯನ್ನು ಬಲಗಡೆಗೆ ಇಟ್ಟೆ. ಇದು ಅಷ್ಟರಲ್ಲಿ ಸೊನ್ನೆಗೆ ಇಳಿದಿರಬೇಕಿತ್ತು. ಹನ್ನೆರಡು ವೋಲ್ಟ್ ತೋರಿಸುತ್ತಿತ್ತು. ಕಾದೆವು. ಹನ್ನೆರಡು ಹನ್ನೆರಡಾಗಿಯೇ ಉಳಿಯಿತು.

"ಎಷ್ಟಿರ್ಬೇಕಿತ್ತು?" ಗಂಡ ಕೇಳಿದ.

"ಸೊನ್ನೆ" ಎಂದರು ಮಾವನವರು.

"ಸರಿ" ಎಂದ ಅವನು. ಆ ಒಂದು ಮಾತಿನಲ್ಲಿ ಗೆದ್ದ ಖುಷಿ ಇರಲಿಲ್ಲ, ಅದನ್ನು ನಾನು ಒಪ್ಪುತ್ತೇನೆ. ಆದರೆ ಆ ಕ್ಷಣಕ್ಕೆ ನನಗೆ ಅವನನ್ನು ಕಂಡರೆ ಮೈಯೆಲ್ಲ ಉರಿಯಿತು.

"ಕೆಪಾಸಿಟರ್ ಹಳೇದು, ಅಷ್ಟೇ. ಅದಕ್ಕೂ ಮಾವಂಗೂ ಏನ್ ಸಂಬಂಧ? ಹೊಸದು ಹಾಕಿದ್ರೆ ಆಯ್ತು" ಎಂದೆ. ಬಾಯಲ್ಲಿ ಹಾಗಂದರೂ ನನ್ನ ತಲೆ ಒಪ್ಪುತ್ತಿರಲಿಲ್ಲ. ನಾನೇ ಟೆಸ್ಟ್ ಮಾಡಿದ್ದ ಕೆಪಾಸಿಟರು ಅದು.

ಮಾವನವರು ಸ್ವಿಚ್ ಆರಿಸಿದರು, ಪ್ಲಗ್ ಕಿತ್ತರು. ಗಂಡನ ಕಣ್ಣು ಅವರ ಕೈಯ ಮೇಲೇ ನೆಟ್ಟಿತ್ತು. ಈಗ ಇವರು ಚಾರ್ಜ್ ಇಳಿಸದೆ ಕೈ ಹಾಕಿದರೆ ಬೆಂಚಿನ ಕತೆ ಇಲ್ಲಿಗೇ ಮುಗಿಯಿತು ಎಂದುಕೊಂಡೆ. ಬಾಯಿಬಿಟ್ಟು ಜ್ಞಾಪಿಸೋಣವೆಂದರೆ ಅದೂ ಅವರ ಮರೆವಿನ ಲೆಕ್ಕಕ್ಕೇ ಸೇರುತ್ತದೆ. ಮಾವನವರು ರಬ್ಬರ್ ಹಿಡಿಯ ತಂತಿ ತೆಗೆದುಕೊಂಡು, ಒಂದು ತುದಿಯನ್ನು ಪೆಟ್ಟಿಗೆಯ ಲೋಹದ ಮೈಗೆ ಒತ್ತಿ, ಇನ್ನೊಂದನ್ನು ಚಾರ್ಜ್ ಉಳಿದಿರುವ ಕೊಂಡಿಗೆ ತಾಗಿಸಿ, ಮೀಟರಿನಲ್ಲಿ ಸೊನ್ನೆ ನೋಡಿಕೊಂಡು, ಆಮೇಲೆ ಇನ್ನೊಮ್ಮೆ ತಾಗಿಸಿದರು. ಒಂದು ಹೆಜ್ಜೆಯೂ ತಪ್ಪಲಿಲ್ಲ. ನಾನು ಗಂಡನ ಕಡೆ ತಿರುಗಿ ನೋಡಿದೆ. ಅವನು ಬೇರೆ ಎಲ್ಲೋ ನೋಡಿದ.

ಬಲಗಡೆಯ ಬೂದು ಕೆಪಾಸಿಟರು ಬಿಚ್ಚಿ ಹಳದಿಯದನ್ನು ಬೆಸೆದರು. ಮತ್ತೆ ಸ್ವಿಚ್. ಮತ್ತೆ ಅಂಕಿ ಏರಿತು, ಇಳಿಯಿತು. ಹನ್ನೆರಡು.

ಅಂಗಡಿಯಿಂದ ತಂದ ಹೊಸ ಕೆಪಾಸಿಟರು, ಎಣ್ಣೆಯ ಹಳೆಯ ಕೆಪಾಸಿಟರು ಎರಡೂ ಒಂದೇ ಸಮ ಸೋರುವುದೆಂದರೆ ಏನು? ನನಗೆ ಎಲ್ಲೋ ಏನೋ ಹೊಳೆಯತೊಡಗಿತು.

"ನನ್ ಬೆಸುಗೆನೇ ಸರಿ ಇಲ್ಲ ಕಣಮ್ಮ. ಕೈ ನಡುಗಿರ್ಬೇಕು. ಸಾಕು ಬಿಡು" ಎಂದರು ಮಾವನವರು.

"ನಿಮ್ ಬೆಸುಗೆ ಚೆನ್ನಾಗೇ ಇದೆ. ಕೆಪಾಸಿಟರ್ ತೆಗೀರಿ. ಜಾಗ ಖಾಲಿ ಬಿಟ್ಟು ಆನ್ ಮಾಡಿ."

"ಸಾಕು ಅಂದ್ನಲ್ಲ."

ಅವರು ನನ್ನ ಮೇಲೆ ದನಿ ಏರಿಸಿದ್ದು ಆವತ್ತೇ ಮೊದಲು. ನಾನು ನಿಲ್ಲಬೇಕಿತ್ತೋ ಏನೋ. ಆದರೆ ಬೆಂಚಿಗಾಗಿ ಆಷಾಢದಿಂದ ಹೋರಾಡಿದವಳು ನಾನು. ಈಗ ಅವರೇ ಕೈಚೆಲ್ಲಿ ಕೂತರೆ ನನ್ನ ಗತಿ? "ನೀವು ಏಳಿ ಮಾವ" ಎಂದು ಅವರನ್ನು ಎಬ್ಬಿಸಿ ನಾನೇ ಕುರ್ಚಿಯಲ್ಲಿ ಕೂತೆ. ಪ್ಲಗ್ ಕಿತ್ತು, ಚಾರ್ಜ್ ಇಳಿಸಿ, ಹಳದಿ ಕೆಪಾಸಿಟರನ್ನು ಬಿಚ್ಚಿ ಪಕ್ಕಕ್ಕಿಟ್ಟೆ. ಈಗ ವಾಲ್ವಿಗೂ ಔಟ್‌ಪುಟ್ಟಿಗೂ ನಡುವೆ ಏನೂ ಇಲ್ಲ, ಬರೀ ಭಾಗಗಳನ್ನು ಕೂರಿಸುವ ಬೋರ್ಡು. ಅಲ್ಲಿ ಒಂದು ಹನಿ ವೋಲ್ಟೂ ಬರಕೂಡದು. ಸ್ವಿಚ್ ಒತ್ತಿದೆ.

ಹನ್ನೆರಡೇ ಬಂತು.

"ಕೆಪಾಸಿಟರೇ ಇಲ್ಲದೆ ಸೋರ್ತಾ ಇದೆ" ಎಂದೆ ಗಂಡನಿಗೆ. ನನ್ನ ದನಿ ನನಗೇ ಬೇರೆಯಾಗಿ ಕೇಳಿಸಿತು. ಆರಿಸಿ, ಚಾರ್ಜ್ ಇಳಿಸಿ, ಮೊಬೈಲಿನ ಟಾರ್ಚ್ ಹಾಕಿ ಬೋರ್ಡಿನ ಮೇಲೆ ಬಗ್ಗಿದೆ. ಕಂದು ಬಣ್ಣದ ಹಳೆಯ ಬೋರ್ಡು. ಕೆಪಾಸಿಟರು ಕೂತಿದ್ದ ಜಾಗದಲ್ಲಿ, ಅದರ ಹೊಟ್ಟೆಯ ಕೆಳಗೆ ಅಡಗಿದ್ದಲ್ಲಿ, ಎರಡು ಕೊಂಡಿಗಳ ನಡುವೆ ಒಂದು ಒಣಗಿದ ಮಚ್ಚೆ. ಉಗುರಿನಿಂದ ಕೆರೆದೆ. ಉಗುರಿನ ಸಂದಿಗೆ ಕೆಂಪು ಬಂತು. ಮೂಸಿದೆ. ಗಂಧದ ವಾಸನೆ.

ನೀರಿನಲ್ಲಿ ತೇಯ್ದ ಗಂಧ, ಅದರ ಮೇಲೆ ಕುಂಕುಮ. ಆ ಹಸಿಯನ್ನು ಹಳೆಯ ಬೋರ್ಡು ಕುಡಿದಿತ್ತು, ಮೇಲೆ ಈ ಮಳೆಯ ತೇವ. ವೋಲ್ಟು ದಾಟಲು ಅಷ್ಟು ಸಾಕು.

ನಾನು ಬೆರಳನ್ನು ಗಂಡನ ಮುಂದೆ ಹಿಡಿದೆ. ಅವನಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಆಮೇಲೆ ಮುಖ ಬಿಳಿಚಿಕೊಂಡಿತು.

"ನಾನಿಟ್ಟಿದ್ದು" ಎಂದ.

"ಹೌದು, ನೀನಿಟ್ಟಿದ್ದು. ಎಡವಟ್ಟು ಮಾಡಿದ್ದು ಯಾರು ಈಗ? ಹೇಳು. ಬೆಂಚ್ ಎತ್ತಿಸ್ತೀಯಾ, ಆರತಿ ತಟ್ಟೆ ಎತ್ತಿಸ್ತೀಯಾ?" ತಡೆದಿಟ್ಟಿದ್ದೆಲ್ಲ ಒಟ್ಟಿಗೆ ಹೊರಗೆ ಬಂತು. ಗೆದ್ದ ಖುಷಿ ನನಗೆ. ಮಾವನವರ ಕಡೆ ತಿರುಗಿ, ಅವರಿಗೂ ಜಾರಿಕೊಳ್ಳಲು ದಾರಿ ಮಾಡಿಕೊಟ್ಟೆ. "ನಿಮ್ಗೂ ಕಾಣ್ಲಿಲ್ಲ ಬಿಡಿ ಮಾವ. ಕಂದು ಬೋರ್ಡ್ ಮೇಲೆ ಕೆಂಪು, ಯಾರಿಗ್ ತಾನೇ ಕಾಣತ್ತೆ?"

ಹೌದು ಎಂದಿದ್ದರೆ ಮುಗಿದುಹೋಗುತ್ತಿತ್ತು. ಅವರು ಕಿಟಕಿಯ ಪಕ್ಕ ನಿಂತು ಕನ್ನಡಕ ಒರೆಸುತ್ತಿದ್ದರು.

"ಕಂಡಿತ್ತು" ಎಂದರು.

"ಏನು?"

"ಶನಿವಾರ ಬೆಸುಗೆ ಹಾಕೋವಾಗ್ಲೇ ಕಂಡಿತ್ತು. ಸ್ಪಿರಿಟ್ ಬಟ್ಟೆನೂ ಕೈಗ್ ತಗೊಂಡಿದ್ದೆ. ಒರೆಸ್ಬೇಕು ಅಂತ ಗೊತ್ತು. ಗೊತ್ತಿಲ್ದೆ ಏನಮ್ಮ, ಪೂಜೆ ದಿನ ಸೆಟ್ ಒಳಗೆ ಕುಂಕುಮ ಇಟ್ಟವ್ರನ್ನ ನಾನು ಕಾರ್ಖಾನೆಲಿ ಎಷ್ಟು ಬೈದಿದೀನಿ." ಕನ್ನಡಕ ಹಾಕಿಕೊಂಡರು. "ಎಷ್ಟೋ ತಿಂಗಳ ಮೇಲೆ ಇವ್ನು ಈ ರೂಮಿಗ್ ಬಂದಿದ್ದ. ಬಂದು ಬೊಟ್ಟಿಟ್ಟು ಹೋಗಿದ್ದ. ಒರೆಸೋಕೆ ಕೈ ಬರ್ಲಿಲ್ಲ. ಅದ್ರ ಮೇಲೇ ಕೆಪಾಸಿಟರ್ ಕೂರಿಸ್ದೆ."

"ಹಾಗಾದ್ರೆ ಹನ್ನೆರಡು ಬಂದಾಗ್ಲೇ ನಿಮ್ಗೆ ಗೊತ್ತಾಯ್ತು?" ಎಂದು ಕೇಳಿದೆ.

"ಆಯ್ತು."

"ಮತ್ತೆ ನಿಮ್ ಬೆಸುಗೆ ಸರಿ ಇಲ್ಲ ಅಂದಿದ್ದು?"

ಅವರು ಹಳದಿ ಕೆಪಾಸಿಟರನ್ನು ಎತ್ತಿ ಡ್ರಾಯರಿಗೆ ಹಾಕಿದರು. ಅಷ್ಟರಲ್ಲಿ ನನಗೆ ಅರ್ಥವಾಯಿತು. ಮಗನ ಕೈ ತಪ್ಪು ಎನ್ನುವ ಬದಲು ತನ್ನ ಕೈ ನಡುಗಿತು ಎಂದು ಹೇಳಿ ಬೆಂಚನ್ನೇ ಬಿಟ್ಟುಕೊಡಲು ಹೊರಟಿದ್ದರು. ಹಠ ಹಿಡಿದು ಅದನ್ನು ಬಯಲಿಗೆಳೆದವಳು ನಾನು. ನನಗೆ ನಾಚಿಕೆಯೂ ಆಯಿತು, ಸಿಟ್ಟೂ ಬಂತು. ಯಾರ ಮೇಲೆ ಸಿಟ್ಟು ಎಂದು ಇವತ್ತಿಗೂ ಹೇಳಲಾರೆ.

ನನ್ನ ಗಂಡ ಒಳಗೆ ಬಂದ. ಕಪಾಟಿನಲ್ಲಿದ್ದ ಸ್ಪಿರಿಟ್ ಬಾಟಲಿ ತೆಗೆದು ಬಟ್ಟೆ ನೆನೆಸಿ, ಬೋರ್ಡಿನ ಮೇಲೆ ಬಗ್ಗಿ ಒರೆಸತೊಡಗಿದ. ಕಂಪ್ಯೂಟರ್ ಕೀಲಿ ಒತ್ತಿ ಅಭ್ಯಾಸವಾದ ಬೆರಳುಗಳಿಗೆ ಕೊಂಡಿಗಳ ಸಂದು ಸಿಗುತ್ತಿರಲಿಲ್ಲ. ಆದರೂ ಬಟ್ಟೆಗೆ ಕೆಂಪು ಬರುವುದು ನಿಲ್ಲುವ ತನಕ ಬಿಡಲಿಲ್ಲ. ಆಮೇಲೆ ನಾನು ಹೇರ್ ಡ್ರೈಯರ್ ಹಿಡಿದು ಒಣಗಿಸಿ, ಬೂದು ಕೆಪಾಸಿಟರನ್ನೇ ಮತ್ತೆ ಬೆಸೆದೆ. ಬಲಗಡೆಯೂ ಸೊನ್ನೆ ಬಂತು. ಹಾಲ್‌ಗೆ ಒಯ್ದು ಆಂಪ್ಲಿಫೈಯರ್‌ಗೆ ಕೊಟ್ಟೆವು. ಮೃದಂಗದ ಎಡಗೈ ನಾನು ಲೆಕ್ಕ ಹಾಕಿದ್ದಕ್ಕಿಂತ ತುಂಬಿಕೊಂಡು ಬಂತು, ಕಿಟಕಿಯ ಗಾಜು ಸಣ್ಣಗೆ ಅದುರಿತು.

"ಬೆಂಚ್ ಇರ್ಲಿ ಅಪ್ಪ" ಎಂದ ಗಂಡ. "ನೀವೇನೂ ಮರ್ತಿಲ್ಲ. ನಾನ್ ನೋಡಿದ್ನಲ್ಲ. ತಪ್ಪು ನಂದು."

ಮಾವನವರು ಆ ತಾಳ ಮುಗಿಯುವ ತನಕ ಕೇಳಿದರು. "ಚೆನ್ನಾಗಿ ಬರ್ತಿದೆ" ಎಂದರು. ಆಮೇಲೆ ಎದ್ದು ಹಿಂದಿನ ರೂಮಿಗೆ ಹೋದರು. ನಾವಿಬ್ಬರೂ ಹಿಂದೆಯೇ ಹೋದೆವು. ಬೆಸುಗೆಯ ಕಡ್ಡಿ ಇನ್ನೂ ಬಿಸಿ ಇತ್ತು. ಅದರ ಪ್ಲಗ್ ಕಿತ್ತು, ತಂತಿಯನ್ನು ಮಡಚುತ್ತ ಹೇಳಿದರು.

"ಮರೆಯೋದು ಬೇರೆ ಕಣಪ್ಪ. ಮರ್ತವ್ನಿಗೆ ಜ್ಞಾಪಿಸ್ಬಹುದು. ತಪ್ಪು ಕಂಡೂ ನಮ್ಮೋರ್ದು ಅಂತ ಪಾಸ್ ಮಾಡಿದವ್ನನ್ನ ನಾನು ಕಾರ್ಖಾನೆಲಿ ಒಂದ್ ದಿನಾನೂ ಬೆಂಚ್‌ನಲ್ಲಿ ಉಳಿಸ್ಕೊಂಡಿಲ್ಲ. ಕೈಹಿಡಿದು ಎಬ್ಬಿಸಿ ಕಳ್ಸಿದೀನಿ. ನಂಗೇ ಬೇರೆ ನ್ಯಾಯ ಮಾಡೋಕಾಗತ್ತಾ?"

"ಅದು ಸೇನೆ ಸೆಟ್ಟು, ಇದು ಮನೆ ಸಾಮಾನು" ಎಂದೆ ನಾನು. ಅಳು ಬರುತ್ತಿತ್ತು.

"ಸ್ಪೀಕರ್ ಹೋಗಿದ್ರೆ ಹೋಗ್ಲಿ. ತೇವ ಜಾಸ್ತಿಯಾಗಿ ಪೂರ್ತಿ ನೂರೈವತ್ತೂ ದಾಟಿ ಬಂದು, ಇವ್ನು ಅಲ್ಲಿ ಕೈ ಇಟ್ಟಿದ್ದಿದ್ರೆ?" ಎಂದರು ಅವರು.

ನನ್ನ ಗಂಡ ಮುಂದೆ ಬಂದು ಕುರ್ಚಿಯನ್ನು ಎಳೆದು ಬೆಂಚಿನ ಮುಂದೆ ಸರಿಯಾಗಿ ಇಟ್ಟ. ನಾಳೆ ಎತ್ತಿಸುತ್ತೇನೆಂದು ಬೆಳಿಗ್ಗೆ ಕೂಗಾಡಿದವನು ಕುರ್ಚಿಯ ಬೆನ್ನನ್ನು ಎರಡೂ ಕೈಯಲ್ಲಿ ಹಿಡಿದು ನಿಂತ.

"ಅಪ್ಪ, ಕೂತ್ಕೊಳ್ಳಿ" ಎಂದ.

ಮಾವನವರು ಮಡಚಿದ ತಂತಿಯನ್ನು ಅವನ ಕೈಗೆ ಕೊಟ್ಟು, ಕೈ ತೊಳೆಯಲು ಬಚ್ಚಲಿಗೆ ಹೋದರು. ಅವನು ಕುರ್ಚಿ ಬಿಡದೆ ಅಲ್ಲೇ ನಿಂತಿದ್ದ. ಊಟಕ್ಕೆ ಕರೆದಾಗಲೂ ಬರಲಿಲ್ಲ.